ನಾವು ಮೂರ್ತಿ, ಅವರು ಬರೆಯುವುದು ಮರ್ಫಿ

ಪ್ರಶ್ನೆ: ನಾವು ಮೈಸೂರಿನವರು, ಮೂರು ವರ್ಷದಿಂದ ಡಬ್ಲಿನ್‌ನಲ್ಲಿದ್ದೇವೆ. ಯಜಮಾನರ ಹೆಸರಿನ ಕೊನೆಯಲ್ಲಿರುವ ಮೂರ್ತಿ ಇಲ್ಲಿ ನಮ್ಮೆಲ್ಲರ ಸರ್‌ನೇಮ್ ಆಗಿಬಿಟ್ಟಿದೆ. ಆದರೆ ಪಾರ್ಸೆಲ್‌ನಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಎಲ್ಲರೂ ಬರೆಯುವುದು ಮರ್ಫಿ ಅಂತ. ಏಳು ವರ್ಷದ ಮಗಳು 'ಅಮ್ಮಾ, ಮರ್ಫಿ ಅಂದ್ರೆ ಏನು?' ಅಂತ ಬೆನ್ನು ಹತ್ತಿದ್ದಾಳೆ. ಆಫೀಸಿನಲ್ಲಿ ಒಬ್ಬರು 'ಕಡಲ ವೀರ' ಅಂದರು, ಇನ್ನೊಬ್ಬರು ನಕ್ಕು 'ಆಲೂಗಡ್ಡೆ' ಅಂದರು. ಮರ್ಫಿ ನಮ್ಮ ಮೂರ್ತಿಯಿಂದಲೇ ಹುಟ್ಟಿದ್ದು ಅಂತ ವಾಟ್ಸಾಪ್‌ನಲ್ಲಿ ಬೇರೆ ಬಂದಿದೆ. ಯಾವುದನ್ನು ನಂಬಲಿ?

ಉತ್ತರ: ಮೊದಲು ವಾಟ್ಸಾಪ್ ಕಥೆ ಮುಗಿಸಿಬಿಡೋಣ. ಅದು ಸುಳ್ಳು. ಇಂಗ್ಲಿಷಿನಲ್ಲಿ ಬರೆದಾಗ ಎರಡರಲ್ಲೂ ಆರಾರು ಅಕ್ಷರ, ಅದರಲ್ಲಿ ಐದು ಒಂದೇ, ನಡುವೆ 'ಟಿ' ಇರುವ ಕಡೆ 'ಪಿ' ಕೂತಿದೆ. ಇಷ್ಟೇ ನೆಂಟಸ್ತಿಕೆ. ನಿಮ್ಮ ಮೂರ್ತಿ ಸಂಸ್ಕೃತದ್ದು, ರೂಪ, ಆಕಾರ ಅಂತ ಅರ್ಥ. ಅವರ ಮರ್ಫಿ ಐರಿಷ್ ಭಾಷೆಯದ್ದು, ಮೂಲದಲ್ಲಿ ಅದಕ್ಕೆ ಆ 'ಪಿ' ಅಕ್ಷರವೇ ಇರಲಿಲ್ಲ. ನಿಮ್ಮ ಪಾರ್ಸೆಲ್ ಮೇಲೆ ಮರ್ಫಿ ಬರುವುದಕ್ಕೆ ಕಾರಣ ಬಹಳ ಸರಳ. ಐರ್ಲೆಂಡಿನಲ್ಲಿ ಅತಿ ಹೆಚ್ಚು ಜನಕ್ಕಿರುವ ಸರ್‌ನೇಮ್ ಅದೇ. ಎಂ-ಯು-ಆರ್ ಒತ್ತಿದ ಮೇಲೆ ಅಲ್ಲಿಯವರ ಬೆರಳು ತಾನಾಗಿಯೇ ಪಿ ಕಡೆ ಹೋಗುತ್ತದೆ.

ಎಷ್ಟು ಜನ ಅಂತೀರಾ? 1890ರಲ್ಲಿ ಜನನ ನೋಂದಣಿಯ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು ಒಂದು ಲೆಕ್ಕ ಹಾಕಿದ್ದರು. ಅದರ ಪ್ರಕಾರ ಸುಮಾರು 62,600 ಮರ್ಫಿಗಳು, ಎರಡನೆಯ ಜಾಗದಲ್ಲಿ 55,900 ಕೆಲ್ಲಿಗಳು. ಆಗ ಇಡೀ ದ್ವೀಪದ ಜನಸಂಖ್ಯೆ ಸುಮಾರು 47 ಲಕ್ಷ. ಅಂದರೆ ಹೆಚ್ಚುಕಡಿಮೆ 75 ಜನಕ್ಕೆ ಒಬ್ಬ ಮರ್ಫಿ. ಅವರೇನು ಸಮನಾಗಿ ಹರಡಿಕೊಂಡಿಲ್ಲ. ದಕ್ಷಿಣದ ಕಾರ್ಕ್ ಮತ್ತು ಆಗ್ನೇಯ ಮೂಲೆಯ ವೆಕ್ಸ್‌ಫರ್ಡ್ ಕಡೆ ಜಾಸ್ತಿ.

ನಾನು ಕಾರ್ಕ್‌ನಲ್ಲಿ ಆರು ವರ್ಷ ಇದ್ದೆ. ಹೆಸರುಗಳ ಬೆನ್ನು ಬೀಳುವ ಚಾಳಿ ಹತ್ತಿದ್ದೂ ಅಲ್ಲೇ. ಒಂದು ದಿನ ಡಾಕ್ಟರ ಕ್ಲಿನಿಕ್‌ನಲ್ಲಿ ಕೂತಿದ್ದೆ. ನರ್ಸ್ ಬಾಗಿಲು ತೆಗೆದು 'ಮಿಸೆಸ್ ಮರ್ಫಿ' ಅಂದಳು. ಮೂರು ಹೆಂಗಸರು ಎದ್ದರು. 'ಮೇರಿ ಮರ್ಫಿ' ಅಂದಳು. ಒಬ್ಬರು ಕೂತರು. ಆಮೇಲೆ ಯಾವ ರಸ್ತೆ ಅಂತ ಹೇಳಿದ ಮೇಲೆ ಇನ್ನೊಬ್ಬರು ಕೂತರು. ಯಾರಿಗೂ ಇದು ತಮಾಷೆ ಅನ್ನಿಸಲೇ ಇಲ್ಲ, ನಾನೊಬ್ಬ ಮಾತ್ರ ನಗು ತಡೆಯೋಕೆ ಪೇಪರ್ ಅಡ್ಡ ಹಿಡಿದಿದ್ದೆ. ಆ ಕಡೆಯ ಹಳ್ಳಿಗಳಲ್ಲಿ ಹಾಗಾಗಿ ಮರ್ಫಿ ಅನ್ನುವುದನ್ನೇ ಬಿಟ್ಟುಬಿಡುತ್ತಾರೆ. ಮಗನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಸಾಲಾಗಿ ಸೇರಿಸಿ ಕರೆಯುತ್ತಾರೆ. ಇಲ್ಲವಾದರೆ ಕೂದಲು ಕೆಂಪಗಿದ್ದರೆ ಐರಿಷ್‌ನಲ್ಲಿ ಕೆಂಪು ಅಂತ ಒಂದು ಪದ ಅಂಟಿಸುತ್ತಾರೆ. ನಮ್ಮೂರುಗಳಲ್ಲಿ ಕೆರೆ ಏರಿ ರಾಮಣ್ಣ, ಮಿಲ್ ರಾಮಣ್ಣ ಅಂತ ಇರುತ್ತಾರಲ್ಲ, ಹಾಗೆ.

ಈಗ ಅರ್ಥಕ್ಕೆ ಬರೋಣ. 'ಕಡಲ ವೀರ' ಅಂದವರು ಸರಿಯಾಗಿಯೇ ಹೇಳಿದ್ದಾರೆ. ಐರಿಷ್‌ನಲ್ಲಿ 'ಮುಯಿರ್' ಅಂದರೆ ಕಡಲು, ಲ್ಯಾಟಿನ್ನಿನ 'ಮಾರೆ' ಇದಕ್ಕೆ ದಾಯಾದಿ. 'ಕಾಹ್' ಅಂದರೆ ಕಾಳಗ. ಎರಡೂ ಸೇರಿ ಒಂದು ಗಂಡಸರ ಹೆಸರಾಯಿತು, ಹೆಚ್ಚುಕಡಿಮೆ 'ಮುರಖ' ಅಂತ ಉಚ್ಚಾರ, ಕಡಲಲ್ಲಿ ಕಾದುವವನು ಅಂತ ಅರ್ಥ. ಸರ್‌ನೇಮ್ ಅಲ್ಲ, ಇಟ್ಟ ಹೆಸರು. ಆ ಹೆಸರಿನವನ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹೆಸರಿನ ಹಿಂದೆ 'ಓ ಮುರಖೂ' ಅಂತ ಹಾಕಿಕೊಂಡರು. 'ಓ' ಅಂದರೆ ಮೊಮ್ಮಗ, ಆ ವಂಶದವನು ಅಂತ. 'ಮ್ಯಾಕ್' ಅಂದರೆ ಮಗ. ಇವತ್ತಿಗೂ ಐರಿಷ್‌ನಲ್ಲಿ ಮರ್ಫಿಯನ್ನು ಬರೆಯುವುದು, ಕರೆಯುವುದು 'ಓ ಮುರಖೂ' ಅಂತಲೇ. ಹೌದು, ನೀವು ಈಗ ಮನಸ್ಸಿನಲ್ಲಿ ಅಂದುಕೊಂಡದ್ದನ್ನೇ ನಾನೂ ಅಂದುಕೊಂಡಿದ್ದೆ. ಕಾರ್ಕ್‌ನ ಒಂದು ಸಭೆಯಲ್ಲಿ ವೇದಿಕೆ ಮೇಲಿಂದ ಯಾರೋ ಮೈಕ್ ಹಿಡಿದು 'ಓ ಮುರಖೂ' ಅಂತ ಗಂಭೀರವಾಗಿ ಕರೆದಾಗ, ಯಾರಿಗೆ ಬೈಯುತ್ತಿದ್ದಾರೆ ಅಂತ ನಾನು ಹಿಂದೆ ತಿರುಗಿ ನೋಡಿದ್ದೆ. ಹಿರಿಯರೊಬ್ಬರು ಎದ್ದು ಪ್ರಶಸ್ತಿ ತೆಗೆದುಕೊಳ್ಳೋಕೆ ಹೋಗುತ್ತಿದ್ದರು.

ಹೆಣ್ಣುಮಕ್ಕಳಿಗೆ ಇದು ಬದಲಾಗುತ್ತದೆ, ನಿಮಗೆ ಮಗಳಿರುವುದರಿಂದ ಹೇಳುತ್ತೇನೆ. ಹುಡುಗಿ ಆದರೆ 'ಓ' ಹೋಗಿ 'ನೀ' ಬರುತ್ತದೆ, ಅದರ ಮುಂದಿನ ಮ ಕಾರ ಮೆತ್ತಗಾಗಿ ವ ಕಾರದ ಹಾಗೆ ಕೇಳುತ್ತದೆ. 'ನೀ ವುರಖೂ'. ಮದುವೆಯಾಗಿ ಆ ಮನೆ ಸೇರಿದ ಸೊಸೆ ಆದರೆ 'ಈ ವುರಖೂ'. ಅಂದರೆ ಒಂದೇ ಮನೆಯಲ್ಲಿ ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಮಗಳಿಗೆ ಒಂದು ರೂಪ. ಇಂಗ್ಲಿಷಿನಲ್ಲಿ ಬರೆದರೆ ಮೂವರೂ ಸುಮ್ನೆ ಮರ್ಫಿ.

ಈ 'ಮರ್ಫಿ' ಅನ್ನುವ ಆಕಾರ ಎಲ್ಲಿಂದ ಬಂತು ಅಂದರೆ, ಆಗ ಐರ್ಲೆಂಡನ್ನು ಆಳುತ್ತಿದ್ದ ಇಂಗ್ಲಿಷರ ಗುಮಾಸ್ತರ ಕಿವಿಯಿಂದ. ಅವರಿಗೆ ಗಂಟಲಿನ ಆ ಖ ಕಾರ ಬರೆಯೋಕೆ ಅಕ್ಷರ ಇರಲಿಲ್ಲ. ಕೇಳಿದ್ದನ್ನು ಒಬ್ಬೊಬ್ಬ ಒಂದೊಂದು ಥರ ಬರೆದ. ಮೊರೊ, ಮರೋ, ಮರ್ಫಿ, ಹೀಗೆ. ವೆಕ್ಸ್‌ಫರ್ಡ್‌ನ ಒಂದು ಮನೆತನ ಮಾತ್ರ ಹಟ ಹಿಡಿದು 'ಓ ಮೊರ್ಖೊ' ಅಂತಲೇ ಉಳಿಸಿಕೊಂಡಿತು. ಮುಂದೆ ಐರಿಷ್ ಜನ ತಮ್ಮ ಹೆಸರಿನ ಓ ಮತ್ತು ಮ್ಯಾಕ್‌ಗಳನ್ನು ಕಳಚಿಟ್ಟರು. ಆಳುವವರ ಕಣ್ಣಿಗೆ ಅದು ಐರಿಷ್ ಗುರುತಾಗಿತ್ತು, ಕಳಚಿದರೆ ಬದುಕು ಸ್ವಲ್ಪ ಸಲೀಸು. 1893ರಲ್ಲಿ ಐರಿಷ್ ಭಾಷೆ ಉಳಿಸೋಕೆ ಗೇಲಿಕ್ ಲೀಗ್ ಶುರುವಾದ ಮೇಲೆ ಎಷ್ಟೋ ಮನೆಯವರು ಆ 'ಓ' ಅನ್ನು ಮತ್ತೆ ಎತ್ತಿಕೊಂಡರು. ಸಲಿವನ್‌ಗಳು ಓ'ಸಲಿವನ್ ಆದರು. ಮರ್ಫಿಗಳು ಮಾತ್ರ ಎತ್ತಿಕೊಳ್ಳಲಿಲ್ಲ. ನೀವು ಎಷ್ಟು ಹುಡುಕಿದರೂ ಓ'ಮರ್ಫಿ ಸಿಗುವುದು ಅಪರೂಪ.

ಎಲ್ಲ ಮರ್ಫಿಗಳೂ ಒಂದೇ ಮನೆತನದವರಲ್ಲ. ಆ ಹೆಸರಿನ ಗಂಡಸರು ಊರೂರಲ್ಲಿ ಇದ್ದರು, ಅವರವರ ವಂಶ ಬೇರೆಬೇರೆಯಾಗಿ ಬೆಳೆಯಿತು. ನೀವು ಡಬ್ಲಿನ್‌ನಲ್ಲೇ ಇರುವುದರಿಂದ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕ್ಲಾಂಟಾರ್ಫ್ ಕಡಲ ದಂಡೆಗೆ ಹೋಗಿಬನ್ನಿ. 1014ರ ಏಪ್ರಿಲ್ 23, ಗುಡ್ ಫ್ರೈಡೆ ದಿನ, ಅಲ್ಲಿ ದೊಡ್ಡ ಯುದ್ಧ ನಡೆಯಿತು. ಒಂದು ಕಡೆ ಅರಸ ಬ್ರಿಯನ್ ಬೋರು, ಇನ್ನೊಂದು ಕಡೆ ಉತ್ತರದಿಂದ ಹಡಗಿನಲ್ಲಿ ಬಂದು ಡಬ್ಲಿನ್‌ನಲ್ಲಿ ನೆಲೆಸಿದ್ದ ವೈಕಿಂಗರು ಮತ್ತು ಪೂರ್ವದ ಲೆನ್‌ಸ್ಟರ್ ಸೀಮೆಯ ಐರಿಷ್ ದಂಡು. ಬ್ರಿಯನ್‌ಗೆ ಆಗ ವಯಸ್ಸಾಗಿತ್ತು, ದಂಡು ನಡೆಸಿದವನು ಅವನ ಮಗ. ಅವನ ಹೆಸರು ಇದೇ, ಮುರಖ. ಗೆಲುವು ಬ್ರಿಯನ್ ಕಡೆಗೇ ಸಿಕ್ಕಿತು, ಆದರೆ ಸಂಜೆಯ ಹೊತ್ತಿಗೆ ಬ್ರಿಯನ್ ಸತ್ತಿದ್ದ, ಮುರಖ ಸತ್ತಿದ್ದ, ಮುರಖನ ಮಗ, ಇನ್ನೂ ಹುಡುಗ, ಓಡುವ ಶತ್ರುಗಳ ಬೆನ್ನಟ್ಟಿ ನೀರಿಗಿಳಿದು ಉಬ್ಬರಕ್ಕೆ ಸಿಕ್ಕಿ ಮುಳುಗಿದ್ದ. ಒಂದೇ ದಿನ ಮೂರು ತಲೆಮಾರು. ಕಡಲ ಕಾಳಗ ಅನ್ನುವ ಹೆಸರು ಆ ಹೊತ್ತಿಗೆ ಬರೀ ಅಲಂಕಾರ ಆಗಿರಲಿಲ್ಲ.

ವೆಕ್ಸ್‌ಫರ್ಡ್ ಮರ್ಫಿಗಳ ಕಥೆಯಂತೂ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಫರ್ನ್ಸ್ ಅಂತ ಸಣ್ಣ ಊರಿದೆ, ಹನ್ನೆರಡನೇ ಶತಮಾನದಲ್ಲಿ ಲೆನ್‌ಸ್ಟರ್ ರಾಜನ ರಾಜಧಾನಿ. ರಾಜನ ಹೆಸರು ಡಿಯರ್ಮಿಡ್ ಮ್ಯಾಕ್ ಮುರಖದ. ಅದರಲ್ಲೂ ಅದೇ ಮುರಖ ಇದ್ದಾನೆ ನೋಡಿ. ಅಲ್ಲಿಯ ಮರ್ಫಿಗಳು ತಮ್ಮ ಹೆಸರನ್ನು ಈ ರಾಜನ ಪೂರ್ವಜನಿಗೇ ಕಟ್ಟುತ್ತಾರೆ. 1166ರಲ್ಲಿ ಉಳಿದ ರಾಜರು ಸೇರಿ ಇವನನ್ನು ಓಡಿಸಿದರು. ಇವನು ಸಮುದ್ರ ದಾಟಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಕಾಲು ಹಿಡಿದ. ಹೆನ್ರಿಯ ಒಪ್ಪಿಗೆ ಸಿಕ್ಕಿ, 1169ರಲ್ಲಿ ನಾರ್ಮನ್ ಸೈನಿಕರು (ಆಗ ಇಂಗ್ಲೆಂಡನ್ನು ಆಳುತ್ತಿದ್ದ, ಫ್ರಾನ್ಸ್ ಕಡೆಯಿಂದ ಬಂದ ಕುಲದವರು) ವೆಕ್ಸ್‌ಫರ್ಡ್‌ನ ಬ್ಯಾನೊ ಕೊಲ್ಲಿಯಲ್ಲಿ ಇಳಿದರು. ಮರುವರ್ಷ ಅವರ ನಾಯಕ ಸ್ಟ್ರಾಂಗ್‌ಬೋ ಬಂದ, ರಾಜ ತನ್ನ ಮಗಳು ಈಫಾಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದ. ಅವತ್ತು ಕಾಲಿಟ್ಟ ಇಂಗ್ಲಿಷ್ ಆಡಳಿತ ಎಷ್ಟು ಶತಮಾನ ಕೂತಿತು ಅಂತ ಐರಿಷರನ್ನು ಕೇಳಿದರೆ ಗೊತ್ತಾಗುತ್ತದೆ. ಈ ರಾಜನಿಗೆ ಅವರು ಇಟ್ಟ ಅಡ್ಡಹೆಸರು 'ಪರದೇಶಿಗಳ ಡಿಯರ್ಮಿಡ್'.

ಅದೇ ಫರ್ನ್ಸ್ ಹತ್ತಿರ, ಆರು ಶತಮಾನ ಕಳೆದ ಮೇಲೆ, ಬೂಲವೋಗ್ ಅನ್ನುವ ಹಳ್ಳಿಯಲ್ಲಿ ಒಬ್ಬ ಪಾದ್ರಿ ಇದ್ದರು, ಜಾನ್ ಮರ್ಫಿ ಅಂತ. ದಂಗೆಗೆ ಹುಟ್ಟಿದ ಮನುಷ್ಯರೇ ಅಲ್ಲ. ಗಲಾಟೆ ಬೇಡ, ಆಯುಧ ಸರ್ಕಾರಕ್ಕೆ ಒಪ್ಪಿಸಿಬಿಡಿ ಅಂತ ಜನಕ್ಕೆ ಬುದ್ಧಿ ಹೇಳಿದ್ದವರು. ಒಪ್ಪಿಸಿದವರ ಮನೆಗೂ ಸರ್ಕಾರಿ ದಂಡಿನ ಬೆಂಕಿ ಬೀಳುವುದನ್ನು ನೋಡಿದ ಮೇಲೆ, 1798ರ ಮೇ 26ರ ರಾತ್ರಿ, ಇಂಗ್ಲಿಷ್ ಆಡಳಿತದ ವಿರುದ್ಧ ಎದ್ದ ದಂಗೆಗೆ ಅವರೇ ಮುಂದೆ ನಿಂತರು. ಮರುದಿನ ಔಲರ್ಟ್ ಗುಡ್ಡದ ಮೇಲೆ, ಕೈಯಲ್ಲಿ ಹೆಚ್ಚಾಗಿ ಉದ್ದ ಭರ್ಜಿ ಮಾತ್ರ ಇದ್ದ ರೈತರು ಸರ್ಕಾರಿ ದಂಡನ್ನು ಮುರಿದರು. ಒಂದು ತಿಂಗಳೂ ನಡೆಯಲಿಲ್ಲ. ಜೂನ್ 21ರಂದು ವಿನಿಗರ್ ಹಿಲ್‌ನಲ್ಲಿ ಸೋತರು. ಜುಲೈ 2ರಂದು ಟಲ್ಲೊ ಊರಿನ ಪೇಟೆ ಚೌಕದಲ್ಲಿ ಪಾದ್ರಿಯನ್ನು ಗಲ್ಲಿಗೆ ಹಾಕಿ, ದೇಹವನ್ನು ಟಾರಿನ ಪೀಪಾಯಿಯಲ್ಲಿ ಸುಟ್ಟರು. ಅದೇ ದಂಗೆಯಲ್ಲಿ ಮೈಕಲ್ ಮರ್ಫಿ ಅಂತ ಇನ್ನೊಬ್ಬ ಪಾದ್ರಿ ಆರ್ಕ್ಲೊ ಕಾಳಗದಲ್ಲಿ ಸತ್ತರು. ಇಂಗ್ಲಿಷರನ್ನು ಕರೆತಂದವನ ಹೆಸರಿನಲ್ಲೂ ಮುರಖ, ಅವರ ಮೇಲೆ ತಿರುಗಿಬಿದ್ದವರ ಹೆಸರಿನಲ್ಲೂ ಮುರಖ, ಎರಡೂ ಒಂದೇ ಸೀಮೆಯಲ್ಲಿ. ವೆಕ್ಸ್‌ಫರ್ಡ್ ಕಡೆಯವರ ಎದುರು ನೀವು ಮರ್ಫಿ ಅಂದರೆ ಅವರ ಮನಸ್ಸಿಗೆ ಬರುವುದು ಕಡಲೂ ಅಲ್ಲ, ವೀರನೂ ಅಲ್ಲ, ಈ ಪಾದ್ರಿ.

ಇನ್ನು ಆಲೂಗಡ್ಡೆ. ಅದೂ ನಿಜವೇ. ಇಂಗ್ಲಿಷ್ ಆಡುಮಾತಿನಲ್ಲಿ 'ಮರ್ಫಿ' ಅಂದರೆ ಆಲೂಗಡ್ಡೆ ಅನ್ನುವುದು 1811ರಿಂದಲೇ ದಾಖಲಾಗಿದೆ. ಐರಿಷರು ಮೂರು ಹೊತ್ತೂ ತಿನ್ನುವುದು ಅದನ್ನೇ, ಐರಿಷರಲ್ಲಿ ಸಿಕ್ಕಿದವರೆಲ್ಲ ಮರ್ಫಿಗಳೇ, ಆದ್ದರಿಂದ ಗಡ್ಡೆಗೂ ಅದೇ ಹೆಸರು. ಬೈಗುಳ ಅಲ್ಲ, ಆದರೆ ಮೇಲಿನಿಂದ ಕೆಳಗೆ ನೋಡುವ ಗೇಲಿ ಅದರಲ್ಲಿ ಇದೆ. ಆ ಗೇಲಿ ಹುಟ್ಟಿ ಮೂವತ್ತು ಚಿಲ್ಲರೆ ವರ್ಷಕ್ಕೆ, 1845ರಲ್ಲಿ, ಗಿಡಗಳಿಗೆ ಅಂಗಮಾರಿ ರೋಗ ಬಿತ್ತು. ನಮ್ಮ ಹಾಸನ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಈ ರೋಗ ಚೆನ್ನಾಗಿ ಗೊತ್ತು. ಹೊಲದಲ್ಲಿ ಹಸಿರಾಗಿದ್ದ ಎಲೆ ಕಪ್ಪಾಗುತ್ತದೆ, ಅಗೆದರೆ ಗಡ್ಡೆ ಕೊಳೆತು ನಾರುತ್ತದೆ. ಬೇರೆ ಊಟವೇ ಇಲ್ಲದ ಬಡವರ ದೇಶದಲ್ಲಿ ಅದು ಮತ್ತೆ ಮತ್ತೆ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿದರು. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಇಂಗ್ಲೆಂಡಿನಲ್ಲಿ ಮರ್ಫಿಗಳು ತುಂಬಿಕೊಂಡಿರುವುದರ ಹಿಂದೆ ಈ ಗಡ್ಡೆ ಇದೆ. ಇದನ್ನೆಲ್ಲ ತಿಳಿದ ಮೇಲೆ ನನಗೆ ಆ ತಮಾಷೆ ಅಷ್ಟು ರುಚಿಸುವುದಿಲ್ಲ. ಆದರೆ ಮರ್ಫಿಗಳೇ ಅದನ್ನು ಆರಾಮಾಗಿ ತೆಗೆದುಕೊಳ್ಳುತ್ತಾರೆ. ಗೆಳೆಯರ ಗುಂಪಿನಲ್ಲಿ ಒಬ್ಬ ಮರ್ಫಿ ಇದ್ದರೆ ಅವನಿಗೆ 'ಸ್ಪಡ್' ಅಂತ ಅಡ್ಡಹೆಸರು ಗ್ಯಾರಂಟಿ. ಸ್ಪಡ್ ಅಂದರೂ ಆಲೂಗಡ್ಡೆಯೇ.

ಹಡಗು ಹತ್ತಿದ ಹೆಸರು ಹೋದಲ್ಲೆಲ್ಲ ಏನೇನಕ್ಕೋ ಅಂಟಿಕೊಂಡಿತು. ಗೋಡೆಗೆ ಮಡಚಿಡುವ ಹಾಸಿಗೆಗೆ ಮರ್ಫಿ ಬೆಡ್ ಅನ್ನುತ್ತಾರೆ, ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕೋಣೆಯ ಮನೆಯಲ್ಲಿದ್ದ ವಿಲಿಯಂ ಮರ್ಫಿ ಮಾಡಿದ್ದು. ಆ ಪದ ಎಷ್ಟು ಬಳಕೆಯಾಯಿತು ಅಂದರೆ 1989ರಲ್ಲಿ ಅಮೆರಿಕದ ಕೋರ್ಟು ಇದು ಯಾರೊಬ್ಬರ ಸ್ವತ್ತೂ ಅಲ್ಲ, ಸಾಮಾನ್ಯ ಪದ ಅಂತ ತೀರ್ಪು ಕೊಟ್ಟಿತು. ಮರ್ಫಿಯ ನಿಯಮ ನಿಮಗೆ ಗೊತ್ತೇ ಇರುತ್ತದೆ, ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಅನ್ನುವುದು. ಅದು 1949ರದ್ದು. ಕ್ಯಾಲಿಫೋರ್ನಿಯಾದ ವಾಯುಪಡೆ ನೆಲೆಯಲ್ಲಿ ಜಾನ್ ಸ್ಟ್ಯಾಪ್ ಅನ್ನುವ ವೈದ್ಯರು ರಾಕೆಟ್ ಕಟ್ಟಿದ ಬಂಡಿಯಲ್ಲಿ ತಾವೇ ಕೂತು, ಗಕ್ಕನೆ ನಿಂತರೆ ಮೈ ಎಷ್ಟು ತಡೆಯುತ್ತದೆ ಅಂತ ಪರೀಕ್ಷೆ ಮಾಡುತ್ತಿದ್ದರು. ಕ್ಯಾಪ್ಟನ್ ಎಡ್ವರ್ಡ್ ಮರ್ಫಿ ಅದಕ್ಕೆ ಅಳತೆಯ ಸೆನ್ಸರ್ ತಂದರು. ಬಂಡಿ ಓಡಿತು, ನಿಂತಿತು, ಮೀಟರ್ ನೋಡಿದರೆ ಸೊನ್ನೆ! ಸೆನ್ಸರ್‌ಗಳ ವೈರನ್ನು ಉಲ್ಟಾ ಜೋಡಿಸಿದ್ದರು. ತಪ್ಪು ಮಾಡೋಕೆ ಒಂದು ದಾರಿ ಇದ್ದರೆ ಇವನು ಹುಡುಕಿಕೊಂಡು ಹೋಗಿ ಅದನ್ನೇ ಮಾಡುತ್ತಾನೆ ಅನ್ನುವ ಅರ್ಥದಲ್ಲಿ ಮರ್ಫಿ ಕೆಲಸಗಾರನ ಮೇಲೆ ಸಿಡುಕಿದರು. ಸ್ಟ್ಯಾಪ್ ಅದನ್ನು ಪತ್ರಕರ್ತರ ಮುಂದೆ ನಿಯಮ ಅಂತ ಹೇಳಿದರು. ಅಷ್ಟೇ, ಪ್ರಪಂಚದಲ್ಲಿ ಯಾರ ಬೆಣ್ಣೆ ಸವರಿದ ಬ್ರೆಡ್ ಮಗುಚಿ ಬಿದ್ದರೂ ಇವತ್ತು ಮರ್ಫಿಯ ತಲೆಗೆ.

ಲಂಡನ್‌ನಲ್ಲಿ ಇನ್ನೊಂದು ಬಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ರಸ್ತೆ ಅಗೆಯೋಕೆ, ಕೇಬಲ್ ಹೂಳೋಕೆ ಐರಿಷ್ ಹುಡುಗರು ಸಾಲುಗಟ್ಟಿ ಹೋದರಲ್ಲ, ಅವರಿಗೆ ಕೆಲಸ ಕೊಟ್ಟವರಲ್ಲಿ ಐರ್ಲೆಂಡಿನ ಕೆರ್ರಿ ಜಿಲ್ಲೆಯಿಂದ ಬಂದ ಅಣ್ಣತಮ್ಮ ಮರ್ಫಿಗಳಿದ್ದರು. ಒಬ್ಬರ ವ್ಯಾನ್ ಹಸಿರು, ಇನ್ನೊಬ್ಬರದ್ದು ಬೂದು. 'ಹಸಿರು ಮರ್ಫಿ ಹತ್ತಿರ ಇದ್ದೀಯಾ, ಬೂದು ಮರ್ಫಿ ಹತ್ತಿರವಾ' ಅಂತ ಕೇಳುವುದು ಆ ತಲೆಮಾರಿನವರಿಗೆ ಮಾಮೂಲು.

ನಿಮ್ಮ ಅತ್ತೆ ಮಾವನನ್ನು ಕೇಳಿ ನೋಡಿ, ಮರ್ಫಿ ಅಂದ ಕೂಡಲೇ ರೇಡಿಯೋ ಅನ್ನುತ್ತಾರೆ. ಬಾಯಿಗೆ ಬೆರಳಿಟ್ಟ ಗುಂಡು ಮಗುವಿನ ಚಿತ್ರ ನಮ್ಮ ಅಜ್ಜಿ ಮನೆಯ ಗೋಡೆ ಮೇಲೂ ಇತ್ತು. ರೇಡಿಯೋ ಕೆಟ್ಟು ಎಷ್ಟೋ ವರ್ಷ ಆದ ಮೇಲೂ ಆ ಕ್ಯಾಲೆಂಡರ್ ಇಳಿಸಿರಲಿಲ್ಲ. ಆ ಕಂಪನಿ 1929ರಲ್ಲಿ ಶುರುವಾದದ್ದು ಇಂಗ್ಲೆಂಡಿನಲ್ಲಿ, ಫ್ರಾಂಕ್ ಮರ್ಫಿ ಅನ್ನುವವರ ಹೆಸರಲ್ಲಿ. ಬೆಂಗಳೂರಿನ ಹಲಸೂರು ಪಕ್ಕದ ಮರ್ಫಿ ಟೌನ್ ಗೊತ್ತಿರಬಹುದು, ಅದು ಕಂಟೋನ್ಮೆಂಟಿನಲ್ಲಿ ಎಂಜಿನಿಯರ್ ಆಗಿದ್ದ ಒಬ್ಬ ಮರ್ಫಿಯ ಹೆಸರು. ಮರ್ಫಿ ಕಂಡಲ್ಲೆಲ್ಲ ಹೀಗೆ ಒಬ್ಬ ಬೇರೆ ಮರ್ಫಿ, ಒಂದಕ್ಕೊಂದು ಸಂಬಂಧ ಹುಡುಕೋಕೆ ಹೋಗಬೇಡಿ.

ಮಗಳಿಗೆ ಒಂದೇ ಒಂದು ಮರ್ಫಿಯ ಕಥೆ ಹೇಳುವುದಾದರೆ ನಾನು ಪ್ರವಾಸ ಲೇಖಕಿ ಡರ್ವ್ಲಾ ಮರ್ಫಿಯದ್ದು ಹೇಳಿ ಅನ್ನುತ್ತೇನೆ. ವಾಟರ್‌ಫರ್ಡ್ ಜಿಲ್ಲೆಯ ಲಿಸ್ಮೋರ್ ಅನ್ನುವ ಪುಟ್ಟ ಊರು, 1931ರಲ್ಲಿ ಹುಟ್ಟಿದವರು. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಸೈಕಲ್, ಒಂದು ಭೂಪಟದ ಪುಸ್ತಕ ಸಿಕ್ಕಿತು. ಕೆಲವೇ ದಿನದಲ್ಲಿ ಸೈಕಲ್ ತುಳಿಯುತ್ತಾ ತುಳಿಯುತ್ತಾ ಕಾಲು ನೋಡಿಕೊಂಡು, ಹೀಗೇ ತುಳಿದರೆ ಒಂದು ದಿನ ಇಂಡಿಯಾ ತಲುಪಬಹುದು ಅಂದುಕೊಂಡರಂತೆ. ಎಲ್ಲ ಮಕ್ಕಳೂ ಅಂದುಕೊಳ್ಳುತ್ತಾರೆ, ಇವರು ಮರೆಯಲಿಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಂಡು ಮನೆಯಲ್ಲೇ ವರ್ಷಗಳು ಹೋದವು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ 1963ರ ಜನವರಿಯಲ್ಲಿ, ಯೂರೋಪು ಹಿಮದಲ್ಲಿ ಹೂತಿದ್ದಾಗ, ಸೈಕಲ್ ಹತ್ತಿ ಹೊರಟರು, ಡೆಲ್ಲಿ ಮುಟ್ಟಿದರು. ಹತ್ತು ವರ್ಷದ ನಂತರ ಐದು ವರ್ಷದ ಮಗಳನ್ನು ಕರೆದುಕೊಂಡು ಮತ್ತೆ ಬಂದರು. ಆ ಸಲ ನೆಲೆ ನಿಂತದ್ದು ನಮ್ಮ ಕೊಡಗಿನಲ್ಲಿ. ಆ ಪ್ರವಾಸದ ಬಗ್ಗೆ 1976ರಲ್ಲಿ ಒಂದು ಪುಸ್ತಕವೂ ಬಂತು. 2022ರಲ್ಲಿ, 90 ತುಂಬಿದ ಮೇಲೆ, ಹುಟ್ಟಿದ ಲಿಸ್ಮೋರ್‌ನಲ್ಲೇ ತೀರಿಕೊಂಡರು.

ಕೊನೆಗೆ ನೀವು ಕೇಳದೇ ಇರುವ ಒಂದು ವಿಷಯ. ಐರಿಷರ ಇಂಗ್ಲಿಷಿನಲ್ಲಿ ಥ ಕಾರ ಬಹಳ ಜನರ ಬಾಯಲ್ಲಿ ಟ ಕಾರವೇ ಆಗುತ್ತದೆ, ಥ್ರೀ ಅನ್ನುವುದು ಟ್ರೀ ಅಂತ ಕೇಳುವುದನ್ನು ನೀವೂ ಗಮನಿಸಿರುತ್ತೀರಿ. ಹಾಗಾಗಿ ಯಾರಾದರೂ ನಿಮ್ಮ ಹೆಸರನ್ನು ತಪ್ಪಿಲ್ಲದೆ ನೋಡಿ ಓದಿದರೆ ಅದು 'ಮರ್ಟಿ' ಆಗುತ್ತದೆ. ಮತ್ತು ಮರ್ಟಿ ಅಪ್ಪಟ ಐರಿಷ್ ಹೆಸರು! ಮುಯಿರ್ಖರ್ಟಖ್ ಅನ್ನುವ ಉದ್ದ ಹೆಸರನ್ನು ಮುದ್ದಾಗಿ ಕರೆಯುವುದು ಹಾಗೆ. ಅದರ ತಲೆಯಲ್ಲೂ ಅದೇ ಮುಯಿರ್, ಅದೇ ಕಡಲು. ಕಡಲನ್ನು ಬಲ್ಲವನು, ಹಡಗು ನಡೆಸುವವನು ಅಂತ ಅರ್ಥ. ಕಾರ್ಕ್‌ನ ಪಶ್ಚಿಮದ ಬೇರಾ ಕಡೆ ಮರ್ಟಿ ಓಗ್ ಓ'ಸಲಿವನ್ ಅಂತ ಹೆಸರಾಂತ ಕಳ್ಳಸಾಗಣೆದಾರ ಇದ್ದ. 1754ರಲ್ಲಿ ಸೈನಿಕರು ಅವನನ್ನು ಕೊಂದು, ಹೆಣವನ್ನು ಹಡಗಿನ ಹಿಂದೆ ಕಟ್ಟಿ ಕಡಲಲ್ಲೇ ಎಳೆದುಕೊಂಡು ಕಾರ್ಕ್‌ಗೆ ತಂದರು. ಇದನ್ನು ಮಗಳಿಗೆ ಈಗಲೇ ಹೇಳಬೇಡಿ.

ನನ್ನ ಜೊತೆ ಕೆಲಸದಲ್ಲಿದ್ದ ಶಿವಮೊಗ್ಗದ ಮೂರ್ತಿಯೊಬ್ಬರು ಬೇರಾ ಕಡೆಯ ಒಂದು ಅಂಗಡಿಯಲ್ಲಿ ಮಳೆಗೆ ನಿಂತಿದ್ದಾಗ ಅಲ್ಲಿದ್ದ ಅಜ್ಜ ಹೆಸರು ಕೇಳಿದರು. ಇವರು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ 'ಮೂರ್ತಿ' ಅಂದರು, ಎಲ್ಲಿ ಮರ್ಫಿ ಅಂದುಬಿಡುತ್ತಾರೋ ಅಂತ. ಅಜ್ಜ ಸಂತೋಷದಿಂದ ಕೈ ಕುಲುಕಿ ಹೇಳಿದರು, 'ಮರ್ಟಿ ಸರಿ, ಸರ್‌ನೇಮ್ ಏನು?'